ಎಪ್ಪತ್ನಾಲ್ಕು ಕೆಜಿಯ ಭತ್ತದ ಚೀಲ

ಕೊರೊನಾ ಮುಗಿದ ಮರುವರ್ಷದ ಮಾತು. ಶಿಕಾರಿಪುರದಲ್ಲಿ ಶಿರಾಳಕೊಪ್ಪ ರಸ್ತೆಯ ಪಕ್ಕ ನಮ್ಮದೊಂದು ಸ್ಪ್ರಿಂಗ್ ವರ್ಕ್‌ಶಾಪ್ ಇದೆ. ಯಜಮಾನರು ತೀರಿಕೊಂಡ ಮೇಲೆ ಅದನ್ನು ನಾನೇ ನಡೆಸುತ್ತಿದ್ದೇನೆ. ನಾನು ನಡೆಸತೊಡಗಿ ಆ ವರ್ಷಕ್ಕೆ ಇಪ್ಪತ್ತೆಂಟು ವರ್ಷ ತುಂಬಿತ್ತು. ಹೆಂಗಸು ಏನು ನಡೆಸುತ್ತಾಳೆ, ಬಾಗಿಲು ಹಾಕಿ ಎಂದವರು ಬಹಳ ಮಂದಿ. ಅವರ ಟ್ರ್ಯಾಕ್ಟರುಗಳೇ ಆಮೇಲೆ ನನ್ನ ಬಾಗಿಲಿಗೆ ಬಂದವು. ನಾನು ಈಸೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಆದರೆ ಲಾರಿಯ ಹಿಂದೆ ನಿಂತರೆ ಯಾವ ಕಡೆ ಎಷ್ಟು ಕುಸಿದಿದೆ ಎಂದು ಟೇಪ್ ಹಿಡಿಯುವ ಮೊದಲೇ ಹೇಳುತ್ತೇನೆ.

ಲಾರಿ, ಟ್ರೇಲರ್‌ಗಳ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದಕ್ಕೆ ನಾವು ಬ್ಲೇಡ್ ಸೆಟ್ ಅನ್ನುತ್ತೇವೆ. ಭಾರ ಹೊತ್ತು ಹೊತ್ತು ಬಿಲ್ಲು ಚಪ್ಪಟೆಯಾದರೆ ಪಟ್ಟಿಯನ್ನು ಕಾಯಿಸಿ, ಬಡಿದು, ಮತ್ತೆ ಬಾಗಿಸಿ ಕೂರಿಸುವುದು ನಮ್ಮ ಕೆಲಸ. ಬಡಿಯುವವರು ಹುಸೇನ್‌ಸಾಬರು. ನನಗಿಂತ ಎರಡು ವರ್ಷ ದೊಡ್ಡವರು, ಯಜಮಾನರ ಕಾಲದಿಂದ ಇದ್ದಾರೆ. ಯಜಮಾನರು ಹಾಕಿಕೊಟ್ಟ ಕಟ್ಟಳೆ ಒಂದೇ: ಖಾಲಿ ಗಾಡಿ ನಿಲ್ಲಿಸಿ ಅಳತೆ ತೆಗೆಯಬಾರದು. ಜೋಳ ಹೊರುವ ಲಾರಿಗೆ ಜೋಳ ಹೇರಿ, ಜಲ್ಲಿ ಹೊರುವುದಕ್ಕೆ ಜಲ್ಲಿ ಹೇರಿ, ಆಮೇಲೆ ಟೇಪ್ ಹಿಡಿಯಬೇಕು. ಅದು ದಿನಾ ಏನು ಹೊರುತ್ತದೋ ಅದನ್ನೇ ಹೇರಬೇಕು, ಅಂದಾಜಿನ ಕಲ್ಲು ಮಣ್ಣು ನಡೆಯುವುದಿಲ್ಲ. ಈ ಕಟ್ಟಳೆಯನ್ನು ನಾನು ಮುರಿದದ್ದು ಒಂದೇ ಒಂದು ಗಾಡಿಗೆ.

ನನಗೆ ಒಬ್ಬಳೇ ಮಗಳು, ಶೋಭಾ. ಕುಪ್ಪಗಡ್ಡೆಯ ಮನೆತನಕ್ಕೆ ಕೊಟ್ಟೆವು. ಅಳಿಯ ಪರಮೇಶ್ ಅವರು ಸೊರಬದಲ್ಲಿ ಮನೆ ಮಾಡಿ ಮಣ್ಣು ಅಗೆಯುವ ಎರಡು ಯಂತ್ರ ಬಾಡಿಗೆಗೆ ಬಿಡುತ್ತಿದ್ದರು. ನಲವತ್ತಾರರ ಪ್ರಾಯ, ದುಂಡು ಮುಖ, ಗಟ್ಟಿ ಕೈ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದೂ ಕಮ್ಮಿ. ಲಾರಿ ಡ್ರೈವರುಗಳಿಗೆ ಬೈದು ಬೆವರಿಳಿಸುವ ನಾನು ಅಳಿಯ ಬಂದರೆ ಸೆರಗು ಸರಿಮಾಡಿಕೊಂಡು ಕಂಬದ ಪಕ್ಕ ನಿಲ್ಲುತ್ತಿದ್ದೆ. ಅವರಿಗೆ ಹೇಳಬೇಕಾದ್ದನ್ನು ಹುಸೇನ್‌ಸಾಬರ ಕಡೆ ತಿರುಗಿ ಹೇಳುತ್ತಿದ್ದೆ. ಅವರೂ ಹಾಗೇ. ಇಪ್ಪತ್ತೊಂದು ವರ್ಷ ನಮ್ಮಿಬ್ಬರ ಮಾತುಕತೆ ಮೂರನೆಯವರ ಮೂಲಕವೇ ನಡೆಯಿತು. ಅದರಲ್ಲಿ ನನಗೆ ಯಾವ ಕೊರತೆಯೂ ಕಂಡಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವರು ಒಂದು ಕಾರು ತಂದರು. ಹಳೆಯದು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು. ಸ್ಪೋರ್ಟ್ಸ್ ಕಾರಂತೆ. ತಮಿಳುನಾಡಿನ ಕಡೆ ರೇಸ್ ಟ್ರ್ಯಾಕ್‌ಗಳಿವೆ, ಅಲ್ಲಿ ಹೆಸರು ಕೊಟ್ಟರೆ ದಿನವಿಡೀ ನಮ್ಮದೇ ಕಾರು ಓಡಿಸಬಹುದು. ಯಾರನ್ನೂ ಸೋಲಿಸುವುದಿಲ್ಲ, ಗಡಿಯಾರದ ಜೊತೆ ಮಾತ್ರ ಪೈಪೋಟಿ ಎಂದು ಸಾಬರಿಗೆ ವಿವರಿಸಿದರು. ಸಾಬರು ಕಾರಿನ ಸುತ್ತ ಒಂದು ಸುತ್ತು ಹಾಕಿ, “ಮ್ಯಾಲ ಸೂರಿಲ್ಲ, ಹಿಂದ ಸೀಟಿಲ್ಲ. ಇದರಾಗ ಒಂದ್ ಹೊರೆ ಹುಲ್ಲೂ ತರಾಕ ಬರಂಗಿಲ್ಲ ಅಕ್ಕಾರ” ಎಂದರು. ಅಳಿಯ ಜೋರಾಗಿ ನಕ್ಕರು. ಅವರು ನಕ್ಕರೆ ಭುಜ ಕುಣಿಯುತ್ತಿತ್ತು.

ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡೂ ಸತ್ತಿದ್ದವು. ಸ್ಪ್ರಿಂಗ್ ಭಾರ ಹೊರುತ್ತದೆ. ಅದು ಕುಣಿಯುವುದನ್ನು ಶಾಕ್ ಅಬ್ಸಾರ್ಬರ್ ತಡೆಯುತ್ತದೆ. ಟ್ರ್ಯಾಕಿನಲ್ಲಿ ಬಿಗಿ ಇರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಾರು ವಾಲುತ್ತದೆ. ಸೊರಬದಿಂದ ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಎಷ್ಟು ಹಂಪು ಇವೆಯೋ, ಅಲ್ಲಿ ಮೆತ್ತಗಿರಬೇಕು. ಎರಡಕ್ಕೂ ಒಗ್ಗುವಂತೆ ಬದಲಿಸಬಹುದಾದ ಸಸ್ಪೆನ್ಷನ್ ಬೇಕಿತ್ತು. ಕಂಪನಿಗಳ ಪುಸ್ತಕವನ್ನು ಮೊಮ್ಮಗಳು ಸಿಂಚನ ಓದಿ ಹೇಳಿದಳು. ಮೂರು ಬಗೆ ಇತ್ತು. ಒಂದನ್ನು ಹಾಕಿದ ಮೇಲೆ ಏನೂ ಬದಲಿಸುವಂತಿಲ್ಲ. ಇನ್ನೊಂದಕ್ಕೆ ಕಾರನ್ನು ಎತ್ತರಿಸಿ ತಗ್ಗಿಸಲು ತಿರುಪಿನ ಗೆರೆಯಿರುವ ಬಳೆ, ಬಿಗಿ ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ತಿರುಪು ಟಿಕ್ ಟಿಕ್ ಎಂದು ಮೂವತ್ತು ಹೆಜ್ಜೆ ತಿರುಗುತ್ತದೆ. ಸೊನ್ನೆ ಅಂದರೆ ಪೂರ್ತಿ ಮೆತ್ತಗೆ, ಮೂವತ್ತು ಅಂದರೆ ಕಲ್ಲು. ಮೂರನೆಯದಕ್ಕೆ ಪಕ್ಕದಲ್ಲೊಂದು ಸಿಲಿಂಡರ್, ಮೂರು ತಿರುಪು.

ಅಳಿಯನ ಕಣ್ಣು ಮೂರನೆಯದರ ಮೇಲೆ. ನಾನು ಸಾಬರ ಕಡೆ ತಿರುಗಿದೆ. “ಹುಸೇನ್‌ಸಾಬ್, ಮೂರು ತಿರುಪು ಇದ್ರ ತಪ್ಪು ಯಾವುದರಾಗೈತಿ ಅಂತ ಹೆಂಗ್ ಗೊತ್ತಾಗ್ತತಿ? ಒಂದಿದ್ರ ಅದನ್ನ ಬೈಬಹುದು.”

ಅಳಿಯನೂ ಸಾಬರಿಗೇ ಹೇಳಿದರು. “ಒಂದೇ ಸಾಕು ಸಾಬ್ರೆ. ಇನ್ನೆರಡರ ಬೈಗುಳಕ್ಕೆ ನಾನಿದ್ದೀನಲ್ಲ.”

ಸ್ಪ್ರಿಂಗಿನ ವಿಷಯಕ್ಕೆ ಮಾತ್ರ ಅವರು ಹಟ ಮಾಡಿದರು. ಹತ್ತು ಕೆಜಿ ಸ್ಪ್ರಿಂಗ್ ಬೇಕು ಎಂದರು. ಹತ್ತು ಕೆಜಿ ಎಂದರೆ ಒಂದು ಮಿಲಿಮೀಟರ್ ಅದುಮಲು ಹತ್ತು ಕೆಜಿ ಭಾರ ಬೇಕು ಎಂದು ಅರ್ಥ. ನಾನು ಬಿಸ್ಕತ್ತಿನ ತಗಡಿನ ಡಬ್ಬಿ ತರಿಸಿ, ಮುಚ್ಚಳ ಹಾಕಿ ತಿರುಚಿ ತೋರಿಸಿದೆ, ಅಲುಗಲಿಲ್ಲ. ಮುಚ್ಚಳ ತೆಗೆದು ತಿರುಚಿದೆ; ಸೊಟ್ಟಗಾಯಿತು. ಟಾಪಿಲ್ಲದ ಕಾರೂ ಮುಚ್ಚಳ ತೆಗೆದ ಡಬ್ಬಿ. ಅದರ ಕೆಳಗೆ ಕಲ್ಲಿನಂಥ ಸ್ಪ್ರಿಂಗ್ ಇಟ್ಟರೆ ಸ್ಪ್ರಿಂಗ್ ಬಗ್ಗುವ ಬದಲು ಮೈಯೇ ತಿರುಚಿಕೊಳ್ಳುತ್ತದೆ. ಅಳಿಯ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಾವೂ ಎರಡು ಸಲ ತಿರುಚಿ ನೋಡಿದರು. ಆಮೇಲೆ ಮುಂದಕ್ಕೆ ಏಳು ಕೆಜಿ, ಹಿಂದಕ್ಕೆ ಐದು ಎಂದು ಒಪ್ಪಿಕೊಂಡರು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಆಯ್ಕೆಗಳಲ್ಲಿ ಅದೊಂದು. ಇವತ್ತಿಗೂ ಹಾಗೇ ಹೇಳುತ್ತೇನೆ.

ಸಾಮಾನು ಬಂದ ಮೇಲೆ ಕೂರಿಸುವ ಕೆಲಸ. ನಾಲ್ಕು ಚಕ್ರದ ಮೇಲೂ ಎಷ್ಟೆಷ್ಟು ಭಾರ ಬೀಳುತ್ತದೆ ಎಂದು ನೋಡಿ, ಬಳೆ ತಿರುಗಿಸಿ ಸಮ ಮಾಡಬೇಕು. ಅದಕ್ಕೆ ಬೇಕಾದ ಯಂತ್ರ ನಮ್ಮಲ್ಲಿಲ್ಲ. ಮಂಡಿಯಿಂದ ಜೋಳ ತೂಗುವ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿ, ನೆಲ ಮಟ್ಟ ಮಾಡಿ, ಒಂದೊಂದು ಚಕ್ರ ಒಂದೊಂದರ ಮೇಲೆ ಹತ್ತಿಸಿದೆವು. ಖಾಲಿ ಕಾರು ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಒಂಬೈನೂರ ಎಪ್ಪತ್ತೆರಡು ಕೆಜಿ. ಈಗ ಓಡಿಸುವವರು ಸೀಟಿನಲ್ಲಿ ಕೂರಬೇಕು. ಒಂದು ಗಳಿಗೆಯಲ್ಲ, ಇಡೀ ದಿನ. ನಾನು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಅಳಿಯನನ್ನು ಮಂಡಿಯ ಮಾಲಿನಂತೆ ತಕ್ಕಡಿಯ ಮೇಲೆ ಕೂರಿಸಿ, ಕೆಲಸದವರ ಎದುರು ಅಂಕಿ ಕೂಗುವುದು. ನನ್ನ ಕೈಲಿ ಆಗಲಿಲ್ಲ. ಶೋಭಾಳಿಗೆ ಫೋನ್ ಮಾಡಿ ಅವರ ತೂಕ ಕೇಳಿದೆ. ಎಪ್ಪತ್ನಾಲ್ಕು ಎಂದಳು. ಕುಪ್ಪಗಡ್ಡೆಯ ಅವರದೇ ಗದ್ದೆಯ ಭತ್ತ ನಮ್ಮ ಮನೆಯಲ್ಲಿತ್ತು. ಎಪ್ಪತ್ನಾಲ್ಕು ಕೆಜಿ ತೂಗಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆವು. ಸಾಬರು ಚೀಲಕ್ಕೆ ನಮಸ್ಕಾರ ಮಾಡಿ, “ಅಳಿಯಾರ, ಊಟ ಆತೇನ್ರಿ?” ಎಂದರು. ಎಲ್ಲರೂ ನಕ್ಕೆವು.

ಟ್ರ್ಯಾಕಿಗೆ ಇಪ್ಪತ್ತೆರಡು ಟಿಕ್, ರಸ್ತೆಗೆ ಹತ್ತು ಎಂದು ಪಟ್ಟಿ ಬರೆದುಕೊಟ್ಟೆ. ಅಳಿಯ ಹೋಗಿ ಬಂದರು. ಕಾರು ಹಳಿಯ ಮೇಲೆ ಹೋದಂತೆ ಹೋಯಿತು ಎಂದರು. ಆ ದಿನ ಮೊದಲ ಸಲ ಸಾಬರ ಮುಖ ನೋಡದೆ, ನನ್ನ ಕಡೆಯೇ ನೋಡಿ ಹೇಳಿದರು. ನಾನು ತಲೆ ತಗ್ಗಿಸಿ ಒಳಗೆ ಹೋಗಿ ಚಹಾ ಕಳಿಸಿದೆ.

ಎರಡನೇ ಸಲ ಹೋಗಿ ಬಂದ ಮೇಲೆ ದೂರು ಶುರುವಾಯಿತು. ಬಿಗಿ ಜಾಸ್ತಿ ಆಯಿತು, ಸೊಂಟಕ್ಕೆ ಹೊಡೆಯುತ್ತದೆ. ಹದಿನೆಂಟಕ್ಕೆ ಇಳಿಸಿದೆ. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬಂದರು: ಸ್ಟೇರಿಂಗ್ ಭಾರ, ಕೂತರೆ ಮೂಳೆಗೆ ಒತ್ತುತ್ತದೆ. ಹದಿನಾಲ್ಕು. ಆಮೇಲೆ ಹತ್ತು. ಏಳು ಕೆಜಿ ಸ್ಪ್ರಿಂಗ್ ತೆಗೆದು ಐದೂವರೆಯದು ಹಾಕಿದೆ. ಆದರೂ ಬಿಗಿ ಎಂದರು. ಆರಕ್ಕೆ ಇಳಿಸಿದೆ. ಪ್ರತಿಸಲವೂ ಕಾರು ತಕ್ಕಡಿ ಹತ್ತುತ್ತಿತ್ತು, ಚೀಲ ಸೀಟಿನಲ್ಲಿ ಕೂರುತ್ತಿತ್ತು, ಒಟ್ಟು ಒಂದು ಸಾವಿರದ ನಲವತ್ತಾರು ಕೆಜಿ ಬರುತ್ತಿತ್ತು. ಒಂದು ಸಲ ಅರ್ಧ ಕೆಜಿ ಕಮ್ಮಿ ತೋರಿಸಿತು. ಭತ್ತ ಒಣಗಿದೆ ಎಂದು ತಿಳಿದು, ಹೊಲಿಗೆ ಬಿಚ್ಚಿ, ಎರಡು ಬೊಗಸೆ ಭತ್ತ ಸೇರಿಸಿ ಮತ್ತೆ ಹೊಲಿದೆ. ಅಷ್ಟು ಜಾಗ್ರತೆ ನನ್ನದು.

ಟ್ರ್ಯಾಕಿಗೆ ಹೋಗುವ ಕಾರು ರಸ್ತೆಯ ಲೆಕ್ಕಕ್ಕಿಂತ ಮೆತ್ತಗಾದಾಗಲೇ ನಾನು ಕೆಲಸ ನಿಲ್ಲಿಸಿ ಯೋಚಿಸಬೇಕಿತ್ತು. ಯೋಚಿಸಿದ್ದು ಕಂಪನಿಯ ಬಗ್ಗೆ. ಶಾಕ್ ಅಬ್ಸಾರ್ಬರಿನ ಎಣ್ಣೆ ಕೆಟ್ಟಿದೆ, ಮೋಸದ ಮಾಲು ಕಳಿಸಿದ್ದಾರೆ ಎಂದು ಮಾರಿದವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನ ಮಾಲು ಸರಿಯಾಗೇ ಇತ್ತು.

ಹುಸೇನ್‌ಸಾಬರು ಒಂದು ಸಲ ಹೇಳಿದ್ದರು. ಭುಜದ ಮೇಲಿಂದ ಬರುವ ರೇಸಿನ ಬೆಲ್ಟನ್ನು ಅಳಿಯ ಮೈಗೆ ಬಿಗಿದುಕೊಂಡ ಮೇಲೆ ಅದರ ತುದಿ ಮೊದಲು ನಾಲ್ಕು ಬೆರಳು ನೇತಾಡುತ್ತಿತ್ತು, ಈಗ ಒಂದು ಗೇಣಿಗಿಂತ ಹೆಚ್ಚು ಇದೆ, ಚೀಲಕ್ಕೆ ಹಾಕುವಾಗ ಪ್ರತಿಸಲ ಸಡಿಲ ಮಾಡಬೇಕು ಎಂದು. ನಾನು ಏನಂದೆ ಎನ್ನುವುದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. “ಅಳಿಯಾರ ಮೈ ಅಳತಿ ನಿನಗ್ಯಾಕ? ನಿನ್ನ ಸುತ್ತಿಗಿ ನೋಡ್ಕ” ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅತ್ತ ಸೊರಬದ ಮನೆಯಲ್ಲಿ ಏನು ನಡೆದಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಕಾರು ಓಡಿಸುವವರು ಹಗುರವಾಗಿದ್ದಷ್ಟೂ ವೇಗ ಹೆಚ್ಚು ಎಂದು ಅಳಿಯ ಎಲ್ಲೋ ಓದಿ, ರಾತ್ರಿಯ ಅನ್ನ ಬಿಟ್ಟಿದ್ದರು. ಶೋಭಾ ರೊಟ್ಟಿ ಮಾಡಿ ಹಾಕುತ್ತಿದ್ದಳು. ಪ್ಯಾಂಟು ಸಡಿಲವಾದಾಗ ಗಂಡ ಹಟ ಸಾಧಿಸಿದರು ಎಂದು ಅವಳಿಗೆ ಹೆಮ್ಮೆ. ರೊಟ್ಟಿಯೂ ಅರ್ಧಕ್ಕೆ ಉಳಿಯತೊಡಗಿದಾಗ ಗ್ಯಾಸ್ಟ್ರಿಕ್ ಎಂದು ಮಾತ್ರೆ ತಂದುಕೊಟ್ಟಳು. ತೆಳ್ಳಗಾದದ್ದು ಅವಳಿಗೆ ಗೊತ್ತಿತ್ತು, ಕಾರು ಬಿಗಿ ಎನ್ನುವ ದೂರು ಗೊತ್ತಿರಲಿಲ್ಲ. ನನಗೆ ದೂರು ಗೊತ್ತಿತ್ತು. ನಾವಿಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು. ಸಾರಿಗೆ ಏನು ಹಾಕಿದೆ, ಯಾರ ಮನೆಯಲ್ಲಿ ಏನು ಕಾರ್ಯ. ಈ ಎರಡು ಸಂಗತಿ ಒಂದು ಸಲವೂ ಎದುರುಬದುರಾಗಲಿಲ್ಲ.

ಕಾರು ಬಂದ ಹದಿನಾಲ್ಕನೇ ತಿಂಗಳು. ಟ್ರ್ಯಾಕಿಗೆ ಹೋಗುವ ಮುನ್ನ ಅಳಿಯ ಬೆಳಿಗ್ಗೆ ಹತ್ತಕ್ಕೆ ಬಂದರು. ತಕ್ಕಡಿ ಇಟ್ಟೆವು, ಕಾರು ಹತ್ತಿಸಿದೆವು. ಚೀಲ ಎತ್ತಲು ಹೋದರೆ ಕೆಳಗೆ ಇಲಿ ಕಡಿದು ಭತ್ತವೆಲ್ಲ ಮೂಲೆಯಲ್ಲಿ ಸುರಿದಿತ್ತು. ಅರ್ಧ ಚೀಲವೂ ಉಳಿದಿರಲಿಲ್ಲ. ಬೇರೆ ಭತ್ತ ತರಿಸಿ ತುಂಬುವಷ್ಟು ಹೊತ್ತು ಅವರಿಗೆ ಇರಲಿಲ್ಲ. ನಾನು ಕಂಬ ಬಿಟ್ಟು ಬಂದು, ನೆಲ ನೋಡುತ್ತ, “ನೀವ ಒಂದ್ ಗಳಿಗಿ ಕುಂದರ್ರಿ” ಎಂದೆ. ಅವರು ಕೂತರು.

ನಾಲ್ಕು ಅಂಕಿ ಕೂಡಿದೆ. ಒಂದು ಸಾವಿರದ ಇಪ್ಪತ್ತೊಂಬತ್ತು. ತಪ್ಪಾಯಿತು ಎಂದು ಮತ್ತೆ ಕೂಡಿದೆ. ತಕ್ಕಡಿ ಕೆಟ್ಟಿದೆ ಎಂದುಕೊಂಡು ಅವರನ್ನು ಇಳಿಸಿ ಖಾಲಿ ಕಾರು ನೋಡಿದೆ. ಒಂಬೈನೂರ ಎಪ್ಪತ್ತೆರಡು, ಮೊದಲಿದ್ದಷ್ಟೇ. ಮತ್ತೆ ಹತ್ತಿಸಿದೆ. ಒಂದು ಸಾವಿರದ ಇಪ್ಪತ್ತೊಂಬತ್ತು. ಸೀಮೆಸುಣ್ಣ ಕೈಯಲ್ಲೇ ಇತ್ತು. ಗೋಡೆಯ ಮೇಲೆ ಕಳೆದು ನೋಡಿದೆ. ಐವತ್ತೇಳು.

ಆಗ ನಾನು ತಲೆ ಎತ್ತಿ ಅವರ ಮುಖ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ನೇರವಾಗಿ, ನಿಧಾನವಾಗಿ ನೋಡಿದ್ದು ಅದೇ ಮೊದಲು. ದುಂಡು ಮುಖ ಇರಲಿಲ್ಲ. ಕಿವಿಯ ಕೆಳಗೆ ಕುಳಿ. ಕಣ್ಣಿನ ಬಿಳಿಯಲ್ಲಿ ಅರಿಸಿನದ ಬಣ್ಣ. ಸ್ಟೇರಿಂಗ್ ಮೇಲಿದ್ದ ಕೈಯಲ್ಲಿ ಉಂಗುರಕ್ಕೆ ದಾರ ಸುತ್ತಿಕೊಂಡಿದ್ದರು, ಜಾರಿ ಬೀಳದಿರಲಿ ಎಂದು.

“ಕಾರು ಬಿಗಿ ಇಲ್ರಿ,” ಎಂದೆ. “ನಿಮ್ಮ ಮೈಯಾಗ ಏನೂ ಉಳಿದಿಲ್ಲ.”

ಅವರು ಉಂಗುರದ ದಾರವನ್ನು ಒಮ್ಮೆ ತಿರುಗಿಸಿಕೊಂಡರು. ಆಮೇಲೆ, “ಕಾರಿಗೋಸ್ಕರ ಹಗುರ ಆಗ್ತಿದೀನಿ ಅಂತ ನಾನೂ ನಂಬಿದ್ದೆ ಅತ್ತೆ” ಎಂದರು.

ಅವತ್ತೇ ಮಧ್ಯಾಹ್ನ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಹೊಟ್ಟೆಯೊಳಗೆ ಪೈಪ್ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿದರು. ಜಠರದಲ್ಲಿ ಕ್ಯಾನ್ಸರ್, ಅಲ್ಲಿಂದ ಲಿವರಿಗೆ ಹತ್ತಿತ್ತು. ತೊಂದರೆ ಯಾವಾಗಿನಿಂದ ಎಂದು ಡಾಕ್ಟರ್ ಕೇಳಿದರು. ಅಳಿಯನಿಗೆ ನೆನಪಿರಲಿಲ್ಲ, ಶೋಭಾ ಒಮ್ಮೆ ಎರಡು ತಿಂಗಳು ಎಂದಳು, ಒಮ್ಮೆ ನಾಲ್ಕು ಎಂದಳು. ನಾನು ಚೀಲದಿಂದ ವರ್ಕ್‌ಶಾಪಿನ ನೋಟ್‌ಪುಸ್ತಕ ತೆಗೆದು, ಇಪ್ಪತ್ತೆರಡಿದ್ದದ್ದು ಹದಿನೆಂಟಕ್ಕೆ ಇಳಿದದ್ದು ಎಂಟು ತಿಂಗಳ ಹಿಂದೆ, ಹದಿನಾಲ್ಕಾದದ್ದು ಆರೂವರೆ ತಿಂಗಳ ಹಿಂದೆ ಎಂದು ಓದಿದೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಅದೇನು ಲೆಕ್ಕ ಅಮ್ಮ ಎಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಆ ಹೊತ್ತಿಗೆ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದರು. ಸಮಾಧಾನಕ್ಕೆ ಸುಳ್ಳು ಹೇಳದಿದ್ದದ್ದಕ್ಕೆ ಆ ಡಾಕ್ಟರ ಮೇಲೆ ನನಗೆ ಗೌರವವಿದೆ.

ಐದು ತಿಂಗಳು ಇದ್ದರು. ನಾನು ವರ್ಕ್‌ಶಾಪನ್ನು ಸಾಬರಿಗೆ ಒಪ್ಪಿಸಿ ಸೊರಬದಲ್ಲೇ ಉಳಿದೆ. ಅವರ ಎದುರು ಕೂತೆ, ಗಂಜಿ ಕುಡಿಸಿದೆ, ಬೆನ್ನು ಒರೆಸಿದೆ. ಅಷ್ಟು ವರ್ಷ ಕಾದುಕೊಂಡ ಮರ್ಯಾದೆ ಒಂದು ವಾರವೂ ನಿಲ್ಲಲಿಲ್ಲ. ನಿಲ್ಲದಿದ್ದುದಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ. ಮೊದಲೇ ಬಿಡಬಹುದಿತ್ತು.

ಕೊನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಒಮ್ಮೆ ಕಾರಿನಲ್ಲಿ ಕೂರಬೇಕು, ಟಾಪು ತೆಗೆದು ಶಿಕಾರಿಪುರದವರೆಗೆ ಹೋಗಿ ಬರಬೇಕು ಎಂದರು. ಓಡಿಸುವುದು ಶೋಭಾ, ತಾವು ಎಡಗಡೆ. ಶೋಭಾ ಬೇಡ ಎಂದು ಅತ್ತಳು. ನಾನು ಸಾಬರಿಗೆ ಫೋನ್ ಮಾಡಿ ನಾಲ್ಕು ತಕ್ಕಡಿ ಸೊರಬಕ್ಕೆ ತರಿಸಿದೆ. ಮನೆಯ ಮುಂದೆ ಕಾರು ಹತ್ತಿಸಿ, ಶೋಭಾಳನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಅಳಿಯನನ್ನು ಸಾಬರೂ ನಾನೂ ಎತ್ತಿ ಎಡಗಡೆ ಕೂರಿಸಿದೆವು. ಅವರೊಬ್ಬರದೇ ಅಂಕಿ ನಲವತ್ತೊಂಬತ್ತು. ಅವರನ್ನು ಇಳಿಸಿ ಮಲಗಿಸಿ, ಐದೂವರೆಯ ಸ್ಪ್ರಿಂಗ್ ತೆಗೆದು, ನಾಲ್ಕು ಕೆಜಿಯದು ಹಾಕಿಸಿದೆ. ಕಾರು ಮುಕ್ಕಾಲು ಇಂಚು ಎತ್ತರಿಸಿದೆ, ಹಂಪಿಗೆ ತಾಗಬಾರದು. ಸೀಟಿಗೆ ಹಳೆ ಕೌದಿ ಮಡಚಿ ಹಾಕಿ ಅವರನ್ನು ಮತ್ತೆ ಕೂರಿಸಿದೆವು. ಆಮೇಲೆ ಅವರ ಪಕ್ಕ ಮಂಡಿಯೂರಿ, ತಿರುಪು ಬಿಚ್ಚುತ್ತ, ಪ್ರತಿ ಟಿಕ್ಕಿಗೂ ಸಾಬರಿಂದ ಕಾರನ್ನು ಅದುಮಿಸಿ ಅಲುಗಿಸಿ ಕೇಳಿದೆ. ಐದು. ನಾಲ್ಕು. ಮೂರು.

“ಸಾಕೇನಪ್ಪಾ?”

“ಇನ್ನೊಂದು ಸ್ವಲ್ಪ ಅತ್ತೆ.”

ಎರಡು. ಒಂದು. ಸೊನ್ನೆಗೆ ಬಂದು ತಿರುಪು ನಿಂತಿತು. ಅದಕ್ಕಿಂತ ಕೆಳಗೆ ಇಲ್ಲ.

ಶಿರಾಳಕೊಪ್ಪ ದಾಟಿ ಹೋಗಿ ಬಂದರು. ಮುಖಕ್ಕೆ ಗಾಳಿ ಹೊಡೆದು ಕಣ್ಣಲ್ಲಿ ನೀರಿತ್ತು. ಕೆಳಗಿಳಿಸುವಾಗ, ಈಗ ಸರಿಯಾಯಿತು, ಒಂದೂ ಹಂಪು ಗೊತ್ತಾಗಲಿಲ್ಲ ಎಂದರು. ನನ್ನ ಕೆಲಸಕ್ಕೆ ಇಷ್ಟು ವರ್ಷದಲ್ಲಿ ಸಿಕ್ಕ ಒಳ್ಳೆಯ ಮಾತು ಅದು. ಆ ಮಾತನ್ನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಹದಿಮೂರು ದಿನಕ್ಕೆ ಹೋದರು.

ಕಾರು ಈಗ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗಿದೆ. ಸಿಂಚನ ಕೆಲಸ ಹಿಡಿದ ಮೇಲೆ ಓಡಿಸುತ್ತಾಳಂತೆ. ಓಡಿಸಲಿ, ಮೊದಲು ಅವಳನ್ನು ತೂಗುತ್ತೇನೆ. ಇಲಿ ಬಿಟ್ಟ ಭತ್ತವನ್ನು ಕೋಳಿಗೆ ಹಾಕಿಸಿದೆ. ಗೋಡೆಯ ಮೇಲಿನ ಲೆಕ್ಕವನ್ನು ಸಾಬರು ಸುಣ್ಣ ಹೊಡೆದು ಮುಚ್ಚಲು ಹೊರಟಿದ್ದರು. ನಾನು ಬಿಡಲಿಲ್ಲ.

ಈಗ ನನ್ನ ವರ್ಕ್‌ಶಾಪಿನಲ್ಲಿ ಕಟ್ಟಳೆ ಎರಡು. ಗಾಡಿಗೆ ಅದು ಹೊರುವ ಮಾಲನ್ನೇ ಹೇರಬೇಕು. ಓಡಿಸುವವನು ತಾನೇ ತಕ್ಕಡಿ ಹತ್ತಬೇಕು, ಹತ್ತುವಾಗ ನಾನು ಅವನ ಮುಖ ನೋಡಬೇಕು. ಅವನು ಯಾರ ಅಳಿಯನಾದರೂ ಸರಿ. ಲಾರಿ ಡ್ರೈವರುಗಳು ಗೇಲಿ ಮಾಡುತ್ತಾರೆ. ಆನವಟ್ಟಿ ಕಡೆಯ ಒಬ್ಬ, “ಅಜ್ಜಿ, ನನ್ನ ಯಾವ ರೇಟಿಗೆ ಮಾರ್ತೀ?” ಎಂದು ಕೇಳುತ್ತಲೇ ಹತ್ತುತ್ತಿದ್ದ. ಹೋದ ವರ್ಷ ಅವನದು ಮೂರು ತಿಂಗಳಲ್ಲಿ ಆರು ಕೆಜಿ ಇಳಿದಿತ್ತು. ಬ್ಲೇಡ್ ಕೆಲಸ ನಿಲ್ಲಿಸಿ, ಲಾರಿಯ ಕೀಲಿ ಕಿತ್ತಿಟ್ಟುಕೊಂಡು, ಮೊದಲು ಆಸ್ಪತ್ರೆಯ ಚೀಟಿ ತೋರಿಸು ಎಂದೆ. ಬೈದುಕೊಂಡು ಹೋದ. ಸಂಜೆ ಬಂದು ಚೀಟಿಯನ್ನು ಮೇಜಿನ ಮೇಲೆ ಒಗೆದ. ಸಕ್ಕರೆ ಕಾಯಿಲೆ, ಅಷ್ಟೇ. ಒಂದು ದಿನದ ಬಾಡಿಗೆ ಕಳೆದೆ ಅಜ್ಜಿ ಎಂದು ಕೂಗಾಡಿದ.

ನಾನು ಕೀಲಿ ಕೊಟ್ಟೆ. ಅವನ ಹೆಸರಿನ ಮುಂದೆ ಆ ದಿನದ ಅಂಕಿ ಬರೆದೆ. ಗೋಡೆಯ ಮೇಲಿನ ಐವತ್ತೇಳು ಯಾರದು ಎಂದು ಅವನು ಕೇಳಿದ. ನಮ್ಮ ಅಳಿಯನದು ಎಂದೆ.